ಎಣ್ಣೆ ಬಿಟ್ಟ ಮನೆಯ ಬನ್ನು

೨೦೨೪ನೆಯ ಇಸವಿ ನವೆಂಬರ್ ತಿಂಗಳ ನಾಲ್ಕನೆಯ ತಾರೀಕು, ಸೋಮವಾರ, ಸೂರ್ಯೋದಯದ ವೇಳೆಗೆ ಹೊಸನಗರದ ಶಿವರಾಮನ ಮನೆಯಲ್ಲಿ ಮೂರು ಲೀಟರು ಮುನ್ನೂರೈವತ್ತು ಮಿಲಿಲೀಟರು ಎಣ್ಣೆ ಇತ್ತು. ಎಂಟು ಗಂಟೆಯ ವೇಳೆಗೆ ಒಂದು ಹನಿಯೂ ಇರಲಿಲ್ಲ. ಅಷ್ಟನ್ನೂ ಅವನು ಪಕ್ಕದ ಮನೆಯ ಶರಾವತಮ್ಮನವರಿಗೆ ಕೊಟ್ಟು, ಪಾತ್ರೆಯನ್ನು ಮಾತ್ರ ಹಿಂದಕ್ಕೆ ಪಡೆದು ಬಂದಿದ್ದ. ದೀಪಾವಳಿ ಆಗಷ್ಟೇ ಕಳೆದಿತ್ತು. ಉಳಿದ ಮನೆಗಳವರು ಎಣ್ಣೆ ತೀರಿ ಅಂಗಡಿಗೆ ಹೋಗುತ್ತಿದ್ದ ಕಾಲದಲ್ಲಿ, ಇರುವ ಎಣ್ಣೆಯನ್ನು ಕೊಟ್ಟುಬಿಡುವ ಮನುಷ್ಯನನ್ನು ಆ ಬೀದಿ ಮೊದಲ ಬಾರಿಗೆ ಕಂಡಿತು.

ಶಿವರಾಮ ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟು ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನಲ್ಲಿ ಎರಡು ಗುಣಗಳು ಎದ್ದು ಕಾಣುತ್ತಿದ್ದವು. ಯಾವ ಕೆಲಸಕ್ಕೂ ಅವನು ಅಂಜುತ್ತಿರಲಿಲ್ಲ. ಯಾರ ಮಾತನ್ನೂ ಕೊನೆಯವರೆಗೆ ಕೇಳುತ್ತಿರಲಿಲ್ಲ. ಮೊದಲನೆಯ ಗುಣದಿಂದ ಅವನಿಗೆ ಹೆಸರು ಬಂದಿತ್ತು. ಎರಡನೆಯದರಿಂದ ಈ ಕಥೆ ಬಂತು.

ಎಣ್ಣೆ ಹೊರಗೆ ಹೋದದ್ದಕ್ಕೆ ಕಾರಣ ಕೆರಿಯತ್ತೆ. ಶಿವರಾಮನ ತಂದೆಯ ಅಕ್ಕ ಕೆರಿಯಮ್ಮ ಕವಲೇದುರ್ಗದ ಕೋಟೆಯ ಕೆಳಗಿನ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ವಯಸ್ಸು ಎಪ್ಪತ್ತೆಂಟು, ಮಕ್ಕಳಿಲ್ಲ. ಆ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಿ ಬಂಡೆಯ ಮೇಲೆ ನಿಲ್ಲಬೇಕು. ಭಾನುವಾರ ಸಂಜೆ ಅವಳು ಆ ಬಂಡೆಯನ್ನು ಹತ್ತಿ, ತೀರ್ಥಹಳ್ಳಿಯ ಡಾಕ್ಟರು ತನ್ನ ರಕ್ತದಲ್ಲಿ ಕೊಬ್ಬು ಕಂಡುಹಿಡಿದಿರುವುದಾಗಿಯೂ, ಎದೆಗೆ ಆಯಾಸ ಕೊಡಬಾರದು, ಕರಿದದ್ದು ತಿನ್ನಬಾರದು ಎಂದಿರುವುದಾಗಿಯೂ ತಿಳಿಸಿದಳು. ತಿಳಿಸಿ, ಇಳಿದು, ರಾತ್ರಿಯ ಊಟಕ್ಕೆ ಹಪ್ಪಳ ಕರಿದುಕೊಂಡಳು. ಡಾಕ್ಟರ ಮಾತನ್ನು ಮನಸ್ಸಿಗೆ ತೆಗೆದುಕೊಂಡವನು ಶಿವರಾಮ. ಕೊಬ್ಬು ವಂಶದಲ್ಲಿದೆ ಎಂದ ಮೇಲೆ ಅದು ಮಗಳ ಡಬ್ಬಿಯಲ್ಲಿಯೂ ಇರಬೇಕಲ್ಲ ಎಂದು ಅವನು ತರ್ಕಿಸಿದ. ಐದನೆಯ ತರಗತಿಯ ರಕ್ಷಾಳ ಊಟದ ಡಬ್ಬಿಯನ್ನು ತೆರೆದು ನೋಡಿದಾಗ ಅಲ್ಲಿ ಬಸ್‌ಸ್ಟ್ಯಾಂಡ್ ಬೇಕರಿಯ ಪಫ್ಫಿನ ಚೂರುಗಳೂ, ಕಾಗದದ ಮೇಲೆ ಅಂಗೈಯಗಲದ ಎಣ್ಣೆಯ ಕಲೆಯೂ ಸಿಕ್ಕವು.

ಅವನ ಹೆಂಡತಿ ಚೈತನ್ಯಾ ನಿಟ್ಟೂರಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಮನೆಯಲ್ಲಿದ್ದಿದ್ದರೆ ಎಣ್ಣೆಯನ್ನು ಕಡಿಮೆ ಮಾಡು ಎನ್ನುತ್ತಿದ್ದಳೇ ಹೊರತು ಪಾತ್ರೆ ತೊಳೆದಿಡು ಎನ್ನುತ್ತಿರಲಿಲ್ಲ. ಆದರೆ ಸೋಮವಾರದ ಮೊದಲ ಬಸ್ಸಿಗೆ ಅವಳು ಹದಿನೈದು ದಿನಗಳ ತರಬೇತಿಗೆಂದು ಶಿವಮೊಗ್ಗಕ್ಕೆ ಹೋದಳು. ಅವಳ ಜೊತೆಗೆ ಮನೆಯ ವಿವೇಕವೂ ಹೋಯಿತು.

ಅವರ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಒಂದು ಓವನ್ನಿನಲ್ಲಿ ಅದುವರೆಗೆ ಹಪ್ಪಳದ ಕಟ್ಟುಗಳನ್ನು ಇಡುತ್ತಿದ್ದರು. ಶಿವರಾಮ ಕಟ್ಟುಗಳನ್ನು ತೆಗೆದು, ಓವನ್ನಿನ ವೈರು ಬದಲಿಸಿ, ಮೊಬೈಲಿನಲ್ಲಿ ನೋಡಿದ ಹನ್ನೆರಡು ವಿಡಿಯೋಗಳ ಸರಾಸರಿಯಂತೆ ಕೆಲಸಕ್ಕೆ ನಿಂತ. ಗ್ರೀಸು ಹೆಚ್ಚಾದ ಮೋಟಾರು ಓಡುವುದಿಲ್ಲ. ಆದ್ದರಿಂದ ಗ್ರೀಸೇ ಇಲ್ಲದ ಮೋಟಾರು ಚೆನ್ನಾಗಿ ಓಡಬೇಕು ಎಂಬುದು ಅವನ ಸಿದ್ಧಾಂತ. ಸಿದ್ಧಾಂತದ ಮೊದಲ ಫಲ ಜಂಬಿಟ್ಟಿಗೆಯಂತೆ ಹೊರಬಂತು. ರಕ್ಷಾ ಅದನ್ನು ಕಚ್ಚಿ ನೋಡಿ, ಅಪ್ಪನ ಮುಖವನ್ನೂ ನೋಡಿ, ಅತ್ತಳು. ಅವನು ಅಂಜಲಿಲ್ಲ. ಬೆಣ್ಣೆಯ ಜಾಗಕ್ಕೆ ಹಣ್ಣಾದ ಪುಟ್ಟಬಾಳೆಯನ್ನು ಮಿದಿದು ಹಾಕಿದ. ಹುಳಿಯೇರದ ಮೊಸರು ಸೇರಿಸಿದ. ಗೋಧಿಹಿಟ್ಟು ಎರಡು ಪಾಲು, ರಾಗಿಹಿಟ್ಟು ಒಂದು ಪಾಲು, ಬೆಲ್ಲ, ಏಲಕ್ಕಿ. ಅಚ್ಚಿಗೆ ಎಣ್ಣೆ ಸವರುವ ಬದಲು ಬಾಳೆಲೆಯ ತುಂಡು ಹಾಸಿದ. ಬುಧವಾರ ಮುಂಜಾನೆ ಓವನ್ನಿನ ಬಾಗಿಲು ತೆರೆದಾಗ ಕಂಡದ್ದು ಉಬ್ಬಿದ, ಮೆತ್ತಗಿನ, ಬೆಲ್ಲದ ಬಣ್ಣದ ಒಂದು ಪದಾರ್ಥ. ಕೇಕು ಎಂದರೆ ದುಂದುಗಾರಿಕೆ ಅನ್ನಿಸುವುದರಿಂದ ಅವನು ಅದನ್ನು ಬನ್ನು ಎಂದು ಕರೆದ.

ರಕ್ಷಾಳ ಡಬ್ಬಿ ಅಂದು ಖಾಲಿಯಾಗಿ ಬಂತು. ಗುರುವಾರ ಅವಳು ನಾಲ್ಕು ಹೆಚ್ಚಿಗೆ ಕೇಳಿದಳು. ಸುತ್ತ ಕುಳಿತವರಿಗೆ ಬೇಕಂತೆ. ಅವಳ ತರಗತಿಯ ದೀಪ್ತಿ ಮೇಡಂ ಫೋನ್ ಮಾಡಿ, ಹದಿನಾಲ್ಕನೆಯ ತಾರೀಕಿನ ಮಕ್ಕಳ ದಿನಾಚರಣೆಗೆ ತರಗತಿಯ ನಲವತ್ತಾರು ಮಕ್ಕಳಿಗೂ ಇಂಥ ಬನ್ನು ಸಾಧ್ಯವೇ, ಸಾಧ್ಯವಾದರೆ ಪ್ರತಿ ಗುರುವಾರ ಶಾಲೆಯಲ್ಲಿ ಹಂಚುವ ಬೇಕರಿಯ ಪಫ್ಫಿನ ಬದಲು ಇದನ್ನೇ ಏಕೆ ಮಾಡಬಾರದು ಎಂದು ಕೇಳಿದರು. ಶಿವರಾಮ ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿದ. ಮಗಳಿಗೆ ಮಾತು ಕೊಟ್ಟ: ಆ ದಿನ ತಟ್ಟೆ ಹಿಡಿದು ಹಂಚುವವಳು ನೀನು.

ಇತ್ತ ಪಕ್ಕದ ಮನೆಯಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ಎರಡು ಮನೆಗಳ ಅಡುಗೆಕೋಣೆಗಳ ನಡುವೆ ಒಂದು ಗೋಡೆ, ಒಂದು ನುಗ್ಗೆಮರ. ಹನ್ನೆರಡು ವರ್ಷಗಳಿಂದ ದಿನಕ್ಕೆ ಎರಡು ಹೊತ್ತು ಶಿವರಾಮನ ಮನೆಯ ಸಾಸಿವೆ ಸಿಡಿದ ಸದ್ದನ್ನೂ ಇಂಗಿನ ಘಮವನ್ನೂ ಸ್ವೀಕರಿಸಿ, ತಮ್ಮದನ್ನು ಅತ್ತ ಕಳಿಸುತ್ತಿದ್ದವರು ಶರಾವತಮ್ಮನವರು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಗಂಡ ಶಂಭು ಭಟ್ಟರನ್ನು ಜಗುಲಿಯಿಂದ ಒಳಗೆ ಕರೆದರು.

"ಪಕ್ಕದ ಮನೆಲ್ಲಿ ಒಗ್ಗರಣೆ ವಾಸನೆಯೇ ಇಲ್ಲೆ. ಇದ್ದ ಎಣ್ಣೆನೂ ನಂಗೆ ಕೊಟ್ಟಿಕ್ಕೆ ಹೋದ. ಎಂತ ಹೇಳಿ?"

ಭಟ್ಟರು ಪಂಚಾಂಗ ನೋಡುವವರ ಗಾಂಭೀರ್ಯದಿಂದ ಮೂಗನ್ನು ಕಿಟಕಿಯ ಕಡೆಗೆ ತಿರುಗಿಸಿ, ಸ್ವಲ್ಪ ಹೊತ್ತು ಕಾದು, ತೀರ್ಪು ಕೊಟ್ಟರು: "ಸೂತಕ ಇದ್ದು ಕಾಣ್ತು."

ಓದುಗರು ಭಟ್ಟರನ್ನು ದೂರಬಾರದು. ಸಾವಿನ ಮನೆಯಲ್ಲಿ ಬಾಣಲೆ ಇಡುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಆ ಮನೆಯ ಅಡುಗೆಯನ್ನು ಹೊರಗಿನವರು ಮುಟ್ಟುವುದಿಲ್ಲ, ಹನ್ನೊಂದನೆಯ ದಿನ ನೆಂಟರು ಬಂದು ಎಣ್ಣೆ ಇಟ್ಟ ಮೇಲೆಯೇ ಆ ಮನೆ ಮತ್ತೆ ಮನೆಯಾಗುತ್ತದೆ. ಜಾತಿ ಬೇರೆಯಾದರೂ ಈ ವಿಷಯದಲ್ಲಿ ಬೀದಿಗೆಲ್ಲ ಒಂದೇ ಶಾಸ್ತ್ರ. ತಾನಾಗಿ ಎಣ್ಣೆ ಬಿಟ್ಟ ಆರೋಗ್ಯವಂತನ ಉದಾಹರಣೆ ಯಾವ ಶಾಸ್ತ್ರದಲ್ಲಿಯೂ ಇರಲಿಲ್ಲ. ಇದಲ್ಲದೆ ಶಿವರಾಮ ಓವನ್ನಿನ ಗಲಾಟೆಯಲ್ಲಿ ಮೂರು ದಿನಗಳಿಂದ ಗಡ್ಡ ಬೋಳಿಸಿರಲಿಲ್ಲ.

ಸಂದೇಹ ಪರಿಹಾರಕ್ಕಾಗಿ ಶರಾವತಮ್ಮನವರು ಗುರುವಾರ ಸಂಜೆ ಬೇಲಿಯ ಬಳಿ ನಿಂತು ಅವನನ್ನು ಮಾತಾಡಿಸಿದರು. ನಾಲ್ಕು ದಿನದಿಂದ ನಿಮ್ಮನೆ ಒಗ್ಗರಣೆಯ ಸದ್ದಿಲ್ಲವಲ್ಲ ಎಂದರು. ಶಿವರಾಮನಿಗೆ ಬಹಳ ಸಂತೋಷವಾಯಿತು. ಕೊನೆಗೂ ಊರಿನಲ್ಲಿ ಒಬ್ಬರು ಗಮನಿಸಿದ್ದರು.

"ಕೆರಿಯತ್ತೆ ಸುದ್ದಿ ಬಂದ ದಿನದಿಂದ ಬಾಣಲೆನೇ ಇಟ್ಟಿಲ್ಲ ಶರಾವತಮ್ಮ" ಎಂದ.

ಶರಾವತಮ್ಮನವರು ಯೋಗ್ಯವಾದಷ್ಟು ದನಿ ತಗ್ಗಿಸಿ, ಏನಾಗಿತ್ತು ಎಂದು ಕೇಳಿದರು. ರಕ್ತದಲ್ಲಿ ಕೊಬ್ಬು, ಮೊದಲೇ ಬಾಯಿ ಕಟ್ಟಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ ಎಂದು ಅವನು ವಿವರಿಸಿದ. ಮಗುವಿಗೆ ತಿಳಿಸಿದಿರಾ ಎಂದರು. ಮೊದಲ ದಿನ ಅತ್ತಳು, ಈಗ ರೂಢಿಯಾಗಿದೆ ಎಂದ. ಶರಾವತಮ್ಮನವರು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು ಕೊನೆಯ ಪ್ರಶ್ನೆ ಕೇಳಿದರು.

"ಎಷ್ಟು ದಿನ ಅಂತ ಇಟ್ಕಂಡಿದೀರಿ?"

"ದಿನದ ಲೆಕ್ಕ ಎಂತಕ್ಕೆ? ಇನ್ನು ಜನ್ಮ ಇರೋವರೆಗೂ ಹಿಂಗೇ."

ಒಬ್ಬ ಸೋದರಳಿಯ ಅತ್ತೆಗಾಗಿ ಆಜೀವ ಸೂತಕ ಆಚರಿಸುವುದನ್ನು ಅವರು ಕೇಳಿರಲಿಲ್ಲ. ಹೆತ್ತ ಮಕ್ಕಳೂ ಇಷ್ಟು ಮಾಡುವುದಿಲ್ಲ ಎಂದು ಒಳಗೆ ಹೋಗಿ ಗಂಡನಿಗೆ ಹೇಳಿದರು. ಹೇಳಿದ ಮರುಕ್ಷಣ ಇಬ್ಬರಿಗೂ ಒಂದೇ ವಿಷಯ ನೆನಪಾಯಿತು: ಸೂತಕದ ಮನೆಯ ಮೂರು ಲೀಟರು ಚಿಲ್ಲರೆ ಎಣ್ಣೆ ತಮ್ಮ ಅಡುಗೆಕೋಣೆಯಲ್ಲಿದೆ, ಅದರಲ್ಲಿ ಕಾಲು ಲೀಟರು ತಮ್ಮ ಹೊಟ್ಟೆಯಲ್ಲಿದೆ. ಹೊಟ್ಟೆಯಲ್ಲಿದ್ದದ್ದಕ್ಕೆ ಭಟ್ಟರು ಪಂಚಗವ್ಯದ ವ್ಯವಸ್ಥೆ ಮಾಡಿದರು. ಉಳಿದದ್ದನ್ನು ತಿನ್ನುವಂತಿಲ್ಲ, ದೀಪಕ್ಕೆ ಹಾಕುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಆದ್ದರಿಂದ ಮನೆಯ ಬಾಗಿಲುಗಳ ತಿರುಗಣೆಗಳಿಗೂ, ಬಾವಿಯ ರಾಟೆಗೂ, ಆಮೇಲೆ ಬೀದಿಯ ಎಲ್ಲ ಗೇಟುಗಳಿಗೂ ಹಚ್ಚಿದರು. ಮರುದಿನದಿಂದ ಆ ಬೀದಿಯ ಗೇಟುಗಳು ಸದ್ದಿಲ್ಲದೆ ತೆರೆದುಕೊಂಡವು. ಸುದ್ದಿಯೂ ಹಾಗೆಯೇ ಪ್ರತಿ ಮನೆಯನ್ನು ಹೊಕ್ಕಿತು.

ಶರಾವತಮ್ಮನವರ ಮೊಮ್ಮಗಳು ಗಾನವಿ ರಕ್ಷಾಳ ತರಗತಿಯಲ್ಲಿ, ಅದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಶನಿವಾರ ಅವಳು ಬೇರೆ ಬೆಂಚಿಗೆ ಹೋದಳು. ಸೋಮವಾರ ರಕ್ಷಾ ಡಬ್ಬಿಯನ್ನು ತಂದು ಅಪ್ಪನ ಮುಂದಿಟ್ಟಳು. ಒಳಗೆ ಐದು ಬನ್ನುಗಳಿದ್ದವು. ಬೆಳಗ್ಗೆಯೂ ಐದೇ ಇದ್ದವು.

"ನನ್ನ ಪಕ್ಕ ಯಾರೂ ಕೂರಲ್ಲ ಅಪ್ಪ. ನಮ್ಮ ಡಬ್ಬಿ ಮುಟ್ಟಬಾರದು ಅಂತ ಅವರ ಅಮ್ಮಂದಿರು ಹೇಳಿದಾರಂತೆ. ನಾನೂ ತಿನ್ನಲಿಲ್ಲ."

ಏಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಶಿವರಾಮನಿಗೆ ಮಾತ್ರ ಕಾರಣ ಆ ಸಂಜೆಯೇ ಗೊತ್ತಾಯಿತು. ಅಥವಾ ಹಾಗೆ ಅವನು ತಿಳಿದ. ಏಕೆಂದರೆ ಆ ಸಂಜೆ ನಾಗರಾಜಪ್ಪ ಬಂದರು.

ನಾಗರಾಜಪ್ಪ ಬಸ್‌ಸ್ಟ್ಯಾಂಡ್ ಬೇಕರಿಯ ಮಾಲೀಕರು. ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷರೂ ಹೌದು. ಗುರುವಾರದ ಪಫ್ಫು ನಿಲ್ಲುವ ಸುದ್ದಿಯಿಂದ ಮಾಲೀಕರಿಗೆ ದುಃಖವಾಗಿತ್ತು. ಸಾವಿನ ಸುದ್ದಿಯಿಂದ ಅಧ್ಯಕ್ಷರಿಗೆ ದುಃಖವಾಗಿತ್ತು. ಎರಡನ್ನೂ ಒಂದೇ ಮುಖದಲ್ಲಿ ಹೊತ್ತು ಅವರು ಅಂಗಡಿಯ ಸ್ಟೂಲಿನ ಮೇಲೆ ಕುಳಿತರು. ಇಂಥ ಹೊತ್ತಿನಲ್ಲಿ ಶಿವರಾಮನು ಮಕ್ಕಳ ದಿನದ ಹೊರೆ ಹೊರುವುದು ಬೇಡ, ಪಫ್ಫನ್ನು ತಾವೇ ಉಚಿತವಾಗಿ ಕೊಡುವುದಾಗಿ ತಿಳಿಸಿದರು. ಎಂಥ ಹೊತ್ತು ಎಂದು ಶಿವರಾಮ ಒಂದು ಸಲ ಕೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಉಚಿತ ಎಂಬ ಮಾತಿಗೆ ಕೆರಳಿ, ಪಫ್ಫಿನ ವ್ಯಾಪಾರಕ್ಕಾಗಿ ಮಕ್ಕಳನ್ನು ತಡೆದವರು ಇವರೇ ಎಂದುಕೊಂಡು, ಎದ್ದು ನಿಂತಿದ್ದ.

"ಸಂಪ್ರದಾಯ ಅಂತ ಒಂದಿರುತ್ತೆ ಶಿವರಾಮಣ್ಣ" ಎಂದರು ನಾಗರಾಜಪ್ಪ, ಸಾಧ್ಯವಾದಷ್ಟು ಮೃದುವಾಗಿ.

"ಆ ಸಂಪ್ರದಾಯಾನ ಮುರಿಯೋದಕ್ಕೇ ನಾನು ನಿಂತಿರೋದು. ಕೆರಿಯತ್ತೆ ಹೆಸರಲ್ಲೇ ಮುರೀತೀನಿ. ಹದಿನಾಲ್ಕನೇ ತಾರೀಕು ನಲವತ್ತಾರು ಮಕ್ಳಿಗೂ ತಿನ್ನಿಸ್ತೀನಿ, ನೋಡ್ತಿರಿ."

ನಾಗರಾಜಪ್ಪ ಹೊರಗೆ ಬಂದು ಬೆರಳು ಮಡಚಿ ಎಣಿಸಿದರು. ನಾಲ್ಕರಿಂದ ಹದಿನಾಲ್ಕು ಎಂದರೆ ಸರಿಯಾಗಿ ಹನ್ನೊಂದನೆಯ ದಿನ. ರಾತ್ರಿಯಾಗುವುದರೊಳಗೆ ಹೊಸನಗರದ ತಾಯಂದಿರಿಗೆಲ್ಲ ತಿಳಿಯಿತು: ರಿಪೇರಿ ಶಿವರಾಮ ಸತ್ತ ಅತ್ತೆಯ ಹನ್ನೊಂದನೆಯ ದಿನದ ಊಟವನ್ನು ಶಾಲೆಯಲ್ಲಿ, ತಮ್ಮ ಮಕ್ಕಳಿಗೆ, ಹಾಕಲಿದ್ದಾನೆ. ದೀಪ್ತಿ ಮೇಡಂ ಫೋನ್ ಮಾಡಿ ಬನ್ನು ಇಲ್ಲದಿದ್ದರೂ ನಡೆಯುತ್ತದೆ ಎಂದರು. ನಡೆಯುವುದಿಲ್ಲ ಎಂದ ಶಿವರಾಮ. ಪ್ರತಿ ಸಂಜೆ ಶಿವಮೊಗ್ಗದಿಂದ ಕರೆ ಮಾಡುತ್ತಿದ್ದ ಹೆಂಡತಿಗೆ ಎಲ್ಲ ಸರಿಯಾಗಿದೆ ಎಂದ. ರಕ್ಷಾ ಮಂಗಳವಾರವೂ ಬುಧವಾರವೂ ಒಬ್ಬಳೇ ಕುಳಿತಳು. ಡಬ್ಬಿಯ ಮುಚ್ಚಳವನ್ನೇ ತೆರೆಯಲಿಲ್ಲ. ಮಗಳಿಗೆ ಕೊಟ್ಟ ಮಾತು ಉಳಿಯಬೇಕಾದರೆ ಬನ್ನು ಇನ್ನಷ್ಟು ರುಚಿಯಾಗಬೇಕು ಎಂದು ಅಪ್ಪ ಅದಕ್ಕೆ ಖರ್ಜೂರ ಸೇರಿಸಿದ. ತಪ್ಪು ರುಚಿಯಲ್ಲಿರಲಿಲ್ಲ, ಆದರೂ ತಿದ್ದುಪಡಿ ಅಲ್ಲಿಯೇ ನಡೆಯಿತು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸಾಗರದಿಂದ ಮಾರಪ್ಪ ಬಂದ. ಕೆರಿಯತ್ತೆಯ ಗಂಡನ ತಮ್ಮನ ಮಗ ಈ ಮಾರಪ್ಪ. ಅರಣ್ಯ ಇಲಾಖೆಯ ನಿವೃತ್ತ ಗಾರ್ಡು. ಅವನ ಮೀಸೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಪ್ರಸಿದ್ಧ. ಮರಗಳ್ಳರು ಅವನ ಬಂದೂಕಿಗೆ ಹೆದರುತ್ತಿರಲಿಲ್ಲ, ಮೀಸೆಗೆ ಹೆದರುತ್ತಿದ್ದರು. ಬೈಕಿನಿಂದ ಇಳಿದವನನ್ನು ಶಿವರಾಮ ಗುರುತಿಸಲಿಲ್ಲ. ಮೂಗಿನ ಕೆಳಗೆ ಬಯಲಿತ್ತು. ಕೈಯಲ್ಲಿ ಐದು ಲೀಟರಿನ ಎಣ್ಣೆಯ ಡಬ್ಬವಿತ್ತು. ಶಿವರಾಮ ಹೊರಹಾಕಿದ್ದಕ್ಕಿಂತ ಒಂದು ಲೀಟರು ಆರುನೂರೈವತ್ತು ಮಿಲಿಲೀಟರು ಹೆಚ್ಚು.

ಮಾರಪ್ಪ ಎಣ್ಣೆಯನ್ನು ಜಗುಲಿಯ ಮೇಲೆ ಕುಕ್ಕಿ, ಮೊದಲು ಬೈದ. ಮಕ್ಕಳಿಲ್ಲದ ದೊಡ್ಡವ್ವನಿಗೆ ಬೆಂಕಿ ಕೊಡಬೇಕಾದವನು ತಾನು. ತನಗೆ ಒಂದು ಮಾತು ತಿಳಿಸದೆ ಎಲ್ಲವನ್ನೂ ಮುಗಿಸಿ, ಈಗ ಶಾಲೆಯಲ್ಲಿ ಊಟ ಹಾಕುತ್ತಾನಂತೆ. ಹೊಸನಗರದ ಬಸ್ಸಿನ ಡ್ರೈವರ್ ಹೇಳಿ ತನಗೆ ಗೊತ್ತಾಗಬೇಕೇ? ಹಕ್ಕು ತಪ್ಪಬಾರದೆಂದು ಸುದ್ದಿ ಕೇಳಿದ ಗಳಿಗೆಯಲ್ಲೇ ಸಾಗರದ ಸೆಲೂನಿಗೆ ಹೋಗಿ ಮೀಸೆ ತೆಗೆಸಿದ್ದ. ತಲೆ ಬೋಳಿಸುವುದನ್ನು ಕ್ರಿಯೆಯ ಹೊತ್ತಿಗೆಂದು ಉಳಿಸಿಕೊಂಡಿದ್ದ.

ಶಿವರಾಮ ತನ್ನ ಜೀವನದಲ್ಲಿ ಮೊದಲ ಬಾರಿಗೆ ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದ. ಕೇಳಿ ಮುಗಿದ ಮೇಲೆ ಬೇಲಿಯ ಮಾತು, ಸ್ಟೂಲಿನ ಮಾತು, ಮಗಳ ಡಬ್ಬಿ ಎಲ್ಲವೂ ಒಂದರ ಪಕ್ಕದಲ್ಲೊಂದು ಬಂದು ಕುಳಿತವು. ಕೂಡಿಸಿದರೆ ಉತ್ತರ ಒಂದೇ ಬರುತ್ತಿತ್ತು.

"ಭಾವ, ಅತ್ತೆ ಸತ್ತಿಲ್ಲ" ಎಂದ.

ಮಾರಪ್ಪ ಮೂಗಿನ ಕೆಳಗೆ ಕೈಯಿಟ್ಟುಕೊಂಡ. ಅನಂತರ ಅದು ಸಾಧ್ಯವಿಲ್ಲ ಎಂದ. ತಾನು ನಿನ್ನೆಯಿಂದ ಎಂಟು ಸಲ ದೊಡ್ಡವ್ವನಿಗೆ ಫೋನ್ ಮಾಡಿದ್ದಾಗಿಯೂ, ಎಂಟು ಸಲವೂ ಒಬ್ಬ ಹೆಣ್ಣುಮಗಳು ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ತಿಳಿಸಿದ್ದಾಗಿಯೂ, ಇದಕ್ಕಿಂತ ಸಭ್ಯವಾಗಿ ಸಾವನ್ನು ಹೇಳುವುದು ಹೇಗೆ ಎಂದೂ ವಾದಿಸಿದ. ಸಿಗ್ನಲ್ ಇಲ್ಲದಿರುವುದನ್ನು ಶಿವರಾಮ ನೆನಪಿಸಿದರೂ ಅವನು ಸೋಲಲಿಲ್ಲ. ಮನುಷ್ಯ ಒಂದು ವಿಷಯಕ್ಕಾಗಿ ಮೀಸೆ ಕೊಟ್ಟ ಮೇಲೆ ಆ ವಿಷಯವನ್ನು ಸುಲಭವಾಗಿ ಬಿಡಲಾರ.

ಕೊನೆಗೆ ಇಬ್ಬರೂ ಬೈಕನ್ನೇರಿ ಕವಲೇದುರ್ಗದ ದಾರಿ ಹಿಡಿದರು. ದಾರಿಯುದ್ದಕ್ಕೂ ಶಿವರಾಮ ಅತ್ತೆ ಬದುಕಿರಲಿ ಎಂದು ಹರಕೆ ಹೊತ್ತ. ಮಾರಪ್ಪ ಏನು ಹರಕೆ ಹೊತ್ತನೋ ಹೇಳಲಿಲ್ಲ.

ಕೆರಿಯತ್ತೆ ಒಲೆಯ ಮುಂದೆ ಕುಳಿತು ಹಲಸಿನ ಹಪ್ಪಳ ಕರಿಯುತ್ತಿದ್ದಳು. ಬಾಗಿಲಲ್ಲಿ ನಿಂತ ಮಾರಪ್ಪನ ಮುಖವನ್ನು ದೀರ್ಘವಾಗಿ ನೋಡಿದಳು.

"ಮೀಸೆ ತೆಗ್ಸಿದೀಯಲ ಮಗ. ಯಾರು ಹೋದ್ರು?"

"ನೀನೇ" ಎಂದ ಮಾರಪ್ಪ.

ಕೆರಿಯತ್ತೆ ಬಾಣಲೆಯಲ್ಲಿದ್ದ ಹಪ್ಪಳವನ್ನು ಸೀಯದಂತೆ ಮಗುಚಿ, ತೆಗೆದು ಬದಿಗಿಟ್ಟು, ಯಾವತ್ತು ಎಂದು ಕೇಳಿದಳು. ನಾಲ್ಕನೆಯ ತಾರೀಕು ಎಂದು ತಿಳಿದ ಮೇಲೆ, ಅಂದು ತಾನು ಗದ್ದೆಯಲ್ಲಿ ಹಂದಿ ಓಡಿಸುತ್ತಿದ್ದುದನ್ನು ಜ್ಞಾಪಿಸಿಕೊಂಡಳು. ಅನಂತರ ವಿವರ ಕೇಳಿದಳು. ಯಾರು ಅತ್ತರು, ಯಾರು ಬರೀ ಸೆರಗು ಒತ್ತಿಕೊಂಡರು, ತನ್ನ ಬಗ್ಗೆ ಏನು ಮಾತಾಡಿದರು ಎಂಬುದನ್ನೆಲ್ಲ ಸಾವಕಾಶವಾಗಿ ತಿಳಿದುಕೊಂಡಳು. ಒಟ್ಟಾರೆ ವ್ಯವಸ್ಥೆ ಅವಳಿಗೆ ಸಾಧಾರಣವೆನಿಸಿತು. ಮಕ್ಕಳಿಗೆ ಏನು ಹಾಕುವುದಾಗಿ ಹೇಳಿದ್ದೀ ಎಂದು ಶಿವರಾಮನನ್ನು ಕೇಳಿದಳು. ಅವನು ಬನ್ನಿನ ಬಗೆಯನ್ನು ವಿವರಿಸಿದ.

"ನನ್ನ ಹನ್ನೊಂದಕ್ಕೆ ಬರೀ ಬನ್ನಾ? ಅದೂ ಎಣ್ಣೆ ಇಲ್ದಿದ್ದಾ? ಬದುಕಿದ್ದು ಒಳ್ಳೇದಾಯ್ತು ಬಿಡು."

ಶಿವರಾಮ ಆಗ ರಕ್ಷಾಳ ಮಾತನ್ನು ಹೇಳಿದ. ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಎಂಬಲ್ಲಿಗೆ ಬಂದಾಗ ಕೆರಿಯತ್ತೆ ಹಪ್ಪಳದ ತಟ್ಟೆಯನ್ನು ದೂರ ಸರಿಸಿದಳು. ನಾಳೆ ಬೆಳಗ್ಗೆ ಬರುತ್ತೇನೆ, ನೀನು ಹೋಗಿ ಓವನ್ನು ಹಚ್ಚು ಎಂದಳು. ಬೈಕು ಹತ್ತಲೊಲ್ಲದ ಅವಳನ್ನು ಬಸ್ಸಿನಲ್ಲಿ ಕರೆತರುವ ಹೊಣೆ ಹೊತ್ತು ಮಾರಪ್ಪ ಅಲ್ಲಿಯೇ ಉಳಿದ. ಶಿವರಾಮ ಕೊನೆಯ ಬಸ್ಸಿಗೆ ಹೊಸನಗರಕ್ಕೆ ಹಿಂದಿರುಗಿದ.

ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಎರಡು ಮೇಜುಗಳಿದ್ದವು. ಒಂದರ ಮೇಲೆ ನಲವತ್ತಾರು ಬನ್ನು. ಬಾಳೆಲೆಯಲ್ಲಿ ಬೆಂದ ಬೆಲ್ಲದ ಘಮ ಕಿಟಕಿಯವರೆಗೆ ಹೋಗುತ್ತಿತ್ತು. ಇನ್ನೊಂದರ ಮೇಲೆ, ಯಾವುದಕ್ಕೂ ಇರಲಿ ಎಂದು, ನಾಗರಾಜಪ್ಪನವರ ಪಫ್ಫು. ಗೋಡೆಯ ಉದ್ದಕ್ಕೂ ತಾಯಂದಿರು ನಿಂತಿದ್ದರು. ಮಕ್ಕಳ ದಿನಾಚರಣೆಗೆ ಅಷ್ಟು ತಾಯಂದಿರು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಶರಾವತಮ್ಮನವರು ಗಾನವಿಯ ಭುಜವನ್ನು ಹಿಡಿದುಕೊಂಡಿದ್ದರು. ಕವಲೇದುರ್ಗದ ಕಡೆಯಿಂದ ಒಂಬತ್ತೂವರೆಗೆ ಬರಬೇಕಾಗಿದ್ದ ಬಸ್ಸು ಬಂದಿರಲಿಲ್ಲ.

ದೀಪ್ತಿ ಮೇಡಂ ಶಿವರಾಮನ ಕಡೆ ನೋಡಿದರು. ಶಿವರಾಮ ಮಗಳ ಕಡೆ ನೋಡಿದ. ಮಾತು ಕೊಟ್ಟಾಗಿತ್ತು. ರಕ್ಷಾ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮೊದಲ ಸಾಲಿಗೆ ಹೋದಳು. ಮೊದಲ ಹುಡುಗ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದ. ಎರಡನೆಯವಳೂ ಹಾಗೆಯೇ ಮಾಡಿದಳು. ಗಾನವಿಯ ಮುಂದೆ ಬಂದಾಗ ಅವಳ ಕೈ ಅರ್ಧ ಮುಂದೆ ಬಂದು, ಭುಜದ ಮೇಲಿನ ಬೆರಳುಗಳು ಬಿಗಿಯಾದದ್ದರಿಂದ ಹಿಂದಕ್ಕೆ ಹೋಯಿತು. ಸಾಲುಗಳು ಮುಗಿದಾಗ ತಟ್ಟೆಯಲ್ಲಿ ನಲವತ್ತಾರು ಉಳಿದಿದ್ದವು. ರಕ್ಷಾ ಅಳಲಿಲ್ಲ. ತಟ್ಟೆಯನ್ನು ಹಿಡಿದುಕೊಂಡೇ ನಿಂತಳು.

ಶಿವರಾಮ ಮುಂದೆ ಬಂದು, ತನ್ನ ಮನೆಯಲ್ಲಿ ಸೂತಕವಿಲ್ಲವೆಂದೂ, ಅತ್ತೆ ಜೀವಂತವಾಗಿದ್ದಾಳೆಂದೂ, ತಾನು ಎಣ್ಣೆ ಬಿಟ್ಟದ್ದು ಆರೋಗ್ಯಕ್ಕಾಗಿ ಎಂದೂ ಸ್ಪಷ್ಟವಾಗಿ ಹೇಳಿದ. ಸಭೆ ತಲೆ ತಗ್ಗಿಸಿ ಕೇಳಿತು. ನಾಗರಾಜಪ್ಪ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಹಂಗೇ ಅನ್ಸುತ್ತೆ ಶಿವರಾಮಣ್ಣ. ನಮ್ಮಪ್ಪ ಹೋದಾಗ ನನಗೂ ತಿಂಗಳಾನುಗಟ್ಟಲೆ ಹಂಗೇ ಅನ್ನಿಸ್ತಿತ್ತು."

ಅಷ್ಟರಲ್ಲಿ ಅಂಗಳಕ್ಕೆ ಒಂದು ಆಟೋ ಬಂತು. ಮೊದಲು ಮಾರಪ್ಪ ಇಳಿದ. ಆ ಮೀಸೆಯನ್ನು ಬಲ್ಲವರು ಅಲ್ಲಿ ಹಲವರಿದ್ದರು. ಅದಿಲ್ಲದ ಮುಖವನ್ನು ಕಂಡ ಕೂಡಲೇ ಉಳಿದ ಅಲ್ಪಸ್ವಲ್ಪ ಸಂದೇಹವೂ ಹೋಯಿತು. ನಾಗರಾಜಪ್ಪ ಕೈ ಮುಗಿದರು. ಮಾರಪ್ಪನ ಹಿಂದೆ, ಕೆಟ್ಟುನಿಂತ ಬಸ್ಸನ್ನೂ ಅದರ ಡ್ರೈವರನ್ನೂ ಒಂದೇ ಉಸಿರಿನಲ್ಲಿ ಶಪಿಸುತ್ತ, ಕೆರಿಯತ್ತೆ ಇಳಿದಳು.

ಅವಳನ್ನು ಹಬ್ಬಹುಣ್ಣಿಮೆಗಳಲ್ಲಿ ಕಂಡು ಬಲ್ಲ ಶರಾವತಮ್ಮನವರು ಗಾನವಿಯ ಭುಜವನ್ನು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ನಾಗರಾಜಪ್ಪ ಅವಳನ್ನು ಕಂಡವರಲ್ಲ. ಇವರು ಯಾರು ಎಂದು ವಿನಯದಿಂದ ವಿಚಾರಿಸಿದರು.

"ಸತ್ತವಳು" ಎಂದಳು ಕೆರಿಯತ್ತೆ. "ಬಸ್ಸು ತಡ ಆಯ್ತು."

ಅವಳು ನೇರವಾಗಿ ರಕ್ಷಾಳ ಬಳಿಗೆ ಹೋಗಿ, ತಟ್ಟೆಯಿಂದ ಒಂದು ಬನ್ನನ್ನು ತೆಗೆದುಕೊಂಡಳು. ಮೂಸಿದಳು. ಬಾಳೆಲೆಯನ್ನು ಬಿಡಿಸಿ, ಬೆರಳಿಗೆ ಜಿಡ್ಡು ಅಂಟುತ್ತದೆಯೇ ಎಂದು ಉಜ್ಜಿ ನೋಡಿದಳು, ಅಂಟಲಿಲ್ಲ. ಮುಖದಲ್ಲಿ ತಿರಸ್ಕಾರ ಮೂಡಿತು. ಆಮೇಲೆ ಬಾಯಿಗೆ ಹಾಕಿಕೊಂಡಳು. ಸಭಾಂಗಣದಲ್ಲಿ ಅವಳ ದವಡೆಯ ಹೊರತು ಬೇರೇನೂ ಚಲಿಸಲಿಲ್ಲ. ಒಂದು ಮುಗಿಯಿತು. ಅಭಿಪ್ರಾಯ ಬರಲಿಲ್ಲ. ಎರಡನೆಯದನ್ನು ತೆಗೆದುಕೊಂಡಳು, ಅದೂ ಮುಗಿಯಿತು. ಮೂರನೆಯದಕ್ಕೆ ಕೈ ಹಾಕಿದಾಗ ಮಕ್ಕಳ ಸಾಲಿನಲ್ಲಿ ಗುಸುಗುಸು ಹುಟ್ಟಿತು. ಹೀಗೆಯೇ ಸಾಗಿದರೆ ಏನಾಗುತ್ತದೆ ಎಂಬ ಭಾಗಾಕಾರ ಐದನೆಯ ತರಗತಿಯ ಪಾಠದಲ್ಲಿಯೇ ಇತ್ತು.

"ಎಣ್ಣೆ ಇಲ್ಲ ಅಂದಿ" ಎಂದು ಅವಳು ಶಿವರಾಮನಿಗೆ ಆಪಾದನೆಯ ದನಿಯಲ್ಲಿ ಹೇಳಿದಳು. "ಮತ್ತೆ ರುಚಿ ಎಲ್ಲಿಂದ ಬಂತು?"

ಮೊದಲು ಓಡಿದವಳು ಗಾನವಿ. ಅವಳ ಹಿಂದೆ ಮೊದಲ ಸಾಲು, ಅದರ ಹಿಂದೆ ಉಳಿದವು. ಸಾಲು ಕೆಡಿಸಬಾರದೆಂದು ದೀಪ್ತಿ ಮೇಡಂ ಹೇಳಿದ್ದು ಯಾರಿಗೂ ಕೇಳಲಿಲ್ಲ. ರಕ್ಷಾ ನಡುವೆ ಸಿಕ್ಕಿಕೊಂಡು, ತಳ್ಳಬೇಡಿ, ಎಲ್ಲರಿಗೂ ಕೊಡ್ತೀನಿ ಎಂದು ದೊಡ್ಡವರ ಗತ್ತಿನಿಂದ ಗದರಿಸುತ್ತಿದ್ದಳು. ಎಲ್ಲರಿಗೂ ಕೊಡಲು ಸಾಧ್ಯವಾಗಲಿಲ್ಲ. ನಲವತ್ತಾರರಲ್ಲಿ ಮೂರು ಕೆರಿಯತ್ತೆಯ ಪಾಲಿಗೆ ಹೋಗಿದ್ದರಿಂದ ಮೂವರು ಮಕ್ಕಳಿಗೆ ಸಿಗದೆ, ಅವರು ಗಟ್ಟಿಯಾಗಿ ಅತ್ತರು. ಎಣ್ಣೆಯಿಲ್ಲದ ತಿಂಡಿ ಸಿಗಲಿಲ್ಲವೆಂದು ಮಕ್ಕಳು ಅತ್ತದ್ದು ಆ ಶಾಲೆಯಲ್ಲಿ ಮೊದಲು. ಶಿವರಾಮ ಅದನ್ನು ಪ್ರಶಸ್ತಿಯಂತೆ ಸ್ವೀಕರಿಸಿದ. ಅವರಿಗೆ ನಾಗರಾಜಪ್ಪ ಪಫ್ಫು ಕೊಡಹೋದಾಗ ಇಬ್ಬರು ಬೇಡವೆಂದರು. ಒಬ್ಬ ತೆಗೆದುಕೊಂಡ; ಅವನು ನಾಗರಾಜಪ್ಪನವರ ಮಗ.

ತಾಯಂದಿರು ಬಾಳೆಹಣ್ಣಿನ ಪ್ರಮಾಣ ಕೇಳತೊಡಗಿದರು. ಶರಾವತಮ್ಮನವರು ಹತ್ತಿರ ಬಂದು, ನಮ್ಮದು ತಪ್ಪು ತಿಳಿವಳಿಕೆಯಾಯಿತು, ಆದರೂ ಒಂದು ಚೂರು ಸಾಸಿವೆ ಸಿಡಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದರು. ವಾರಕ್ಕೊಮ್ಮೆಯಾದರೂ ಸಿಡಿಸುವುದಾಗಿ ಶಿವರಾಮ ಒಪ್ಪಿದ. ಗುರುವಾರದ ಬನ್ನಿಗೆ ತಮ್ಮ ಬೇಕರಿಯ ದೊಡ್ಡ ಓವನ್ನನ್ನು ಬಳಸಬಹುದೆಂದು ನಾಗರಾಜಪ್ಪ ಸೂಚಿಸಿದರು. ಅಧ್ಯಕ್ಷರು ಸೋತ ಜಾಗದಲ್ಲಿ ಮಾಲೀಕರು ಸೋಲಬೇಕೆಂಬ ನಿಯಮವೇನೂ ಇಲ್ಲ.

ಊಟದ ಗಂಟೆ ಹೊಡೆದಾಗ ರಕ್ಷಾಳ ಬೆಂಚಿನಲ್ಲಿ ಮೂವರು ಕೂರುವ ಜಾಗಕ್ಕೆ ಐವರು ಕುಳಿತರು.

ಇಷ್ಟಾದರೂ ಒಬ್ಬ ಮನುಷ್ಯ ಮಾತ್ರ ಶಾಲೆಯ ಜಗುಲಿಯ ಕಂಬಕ್ಕೆ ಒರಗಿ, ಅಂಗೈಯಿಂದ ಬಾಯಿಯ ಮೇಲ್ಭಾಗವನ್ನು ಮುಚ್ಚಿಕೊಂಡು ಕುಳಿತಿದ್ದ. ಶಿವರಾಮ ಹೊರಗೆ ಬಂದ ಕೂಡಲೇ ಮಾರಪ್ಪ ತನ್ನ ದಾವೆಯನ್ನು ಮುಂದಿಟ್ಟ. ಎಲ್ಲರಿಗೂ ಎಲ್ಲವೂ ಹಿಂದಿರುಗಿ ಬಂತು, ತನ್ನದು ಬರಲಿಲ್ಲ. ಮೂವತ್ತೆರಡು ವರ್ಷ ಕಾಡಿನಲ್ಲಿ ಬೆಳೆಸಿದ ಮೀಸೆ. ಇನ್ನು ಸಾಗರದ ಪೇಟೆಯಲ್ಲಿ ನಡೆಯುವುದು ಹೇಗೆ? ಶಿವರಾಮ ಜೀವಮಾನವಿಡೀ ಫ್ಯಾನು ರಿಪೇರಿಯನ್ನು ಪುಕ್ಕಟೆ ಮಾಡಿಕೊಡುವುದಾಗಿ ಹೇಳಿದ. ಮಾರಪ್ಪ ಒಪ್ಪಲಿಲ್ಲ. ವಾರಕ್ಕೆ ಒಂದು ಡಬ್ಬಿ ಬನ್ನು ಎಂದ ಶಿವರಾಮ. ಮಾರಪ್ಪನಿಗೆ ಸಿಟ್ಟು ಬಂತು. ಮೀಸೆಗೆ ಮೀಸೆಯೇ ಬೆಲೆ, ನಿನಗಂತೂ ಅದೂ ಇಲ್ಲ ಎಂದ.

ಆಟೋದ ಕಡೆಗೆ ಹೊರಟಿದ್ದ ಕೆರಿಯತ್ತೆ ನಿಂತಳು.

"ಮಾರಪ್ಪ, ಆ ಮೀಸೆ ಯಾರ ಹೆಸರಲ್ಲಿ ತೆಗ್ಸಿದ್ದು?"

"ನಿನ್ನ ಹೆಸರಲ್ಲೇ ದೊಡ್ಡವ್ವ."

"ಹಂಗಾರೆ ಅದನ್ನ ಇವನ ಹತ್ರ ಎಂತಕ್ಕೆ ಕೇಳ್ತೀಯ? ನಂಗೆ ಜಮಾ ಆಯ್ತು. ನಾನು ನಿಜವಾಗಿ ಹೋದ ದಿನ ನೀನು ಮತ್ತೆ ಮೀಸೆ ತೆಗ್ಸೋದು ಬ್ಯಾಡ. ಆ ಬಾಬ್ತು ಇವತ್ತಿಗೆ ಚುಕ್ತಾ."

ಮಾರಪ್ಪ ಯೋಚಿಸಿದ. ಆರು ತಿಂಗಳಲ್ಲಿ ಬೆಳೆಯುವ ಮೀಸೆ, ಬೆಳೆದ ಮೇಲೆ ದೊಡ್ಡವ್ವನ ಕಡೆಯಿಂದ ಯಾವ ಭಯವೂ ಇಲ್ಲದ ಮೀಸೆ. ಹತ್ತು ದಿಕ್ಕಿನಿಂದ ನೋಡಿದರೂ ಲೆಕ್ಕ ಸರಿಯಾಗಿತ್ತು. ಅವನು ಅಂಗೈಯನ್ನು ಬಾಯಿಯಿಂದ ತೆಗೆದ. ಮುಖದಲ್ಲಿ ನೆಮ್ಮದಿ ಕಾಣಿಸಿಕೊಂಡಿತು. ಕೆರಿಯತ್ತೆ ಆಟೋದೊಳಗೆ ಕುಳಿತು, ಸೆರಗು ಸರಿಮಾಡಿಕೊಂಡು, ಹೊರಗೆ ಬಗ್ಗಿ ಅವನ ದಟ್ಟವಾದ ಕ್ರಾಪನ್ನು ಒಮ್ಮೆ ನೋಡಿದಳು.

"ತಲೆ ಮಾತ್ರ ಬಾಕಿ."